ಮುನ್ನೂರು ಜನ ಹಸಿರೆಂದ ಸೀರೆ

ಆಂಟಾಪ್ ಹಿಲ್, ಮುಂಬೈ
೧೧ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಕಿಟ್ಟು,

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ರೂಮಿಗೆ ಇಳಿದರೆ ನಿನಗೆ ನೀರು ಕುಡಿಯುವುದೂ ನೆನಪಿರುವುದಿಲ್ಲ, ಅದೊಂದು ನನ್ನ ಚಿಂತೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮದುವೆ ಓಡಾಟದಲ್ಲಿ ನಿನ್ನ ಭಾವನ ಗಂಟಲು ಕಟ್ಟಿಹೋಗಿ ಎರಡು ದಿನದಿಂದ ಮನೆ ತಣ್ಣಗಿದೆ. ಅಮ್ಮನ ಸಕ್ಕರೆ ಕೊನೆಗೂ ಇಳಿಯುತ್ತಿದೆ. ಅದು ಹತೋಟಿಗೆ ಬಂದರೆ ಕಣ್ಣಿನ ಪೊರೆ ತೆಗೆಯುತ್ತೇನೆ ಎಂದು ಡಾಕ್ಟರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಸದ್ಯಕ್ಕೆ ಅವಳಿಗೆ ಕಾಣುವುದು ಬೆಳಕು, ನೆರಳು ಅಷ್ಟೇ. ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಕಿಟಕಿಯಲ್ಲಿ ನಿಂತವರು ಯಾರೆಂದು ಗೊತ್ತಾಗುವುದಿಲ್ಲ.

ಫೋನಿನಲ್ಲೇ ಎಲ್ಲ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀಯ. ನೀನು ಫೋನ್ ಮಾಡಿದ ಕೂಡಲೇ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ. ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಪಿಸುಗುಟ್ಟಿದರೂ ಅವಳ ಕಿವಿಗೆ ಬೀಳುತ್ತದೆ, ಕಣ್ಣು ಮಂದವಾದ ಮೇಲೆ ಆ ಕಿವಿ ಇನ್ನೂ ಚುರುಕಾಗಿದೆ. ಅದಕ್ಕೇ ಅವಳು ಮಧ್ಯಾಹ್ನ ಮಲಗಿರುವ ಹೊತ್ತಿನಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಕಂಪನಿಯ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ನಿನ್ನ ಕೈಸೇರುತ್ತದಂತೆ.

ನಿನ್ನ ಸೋದರಸೊಸೆ ತನುಶ್ರೀಯ ಮದುವೆ ಚೆನ್ನಾಗಿ ನಡೆಯಿತು ಎಂದು ಭಾನುವಾರವೇ ಹೇಳಿದೆನಲ್ಲ. ಹೇಗೆ ನಡೆಯಿತು ಎಂಬುದನ್ನು ಹೇಳಿರಲಿಲ್ಲ. ಕಪ್ಪು ಬಣ್ಣದ ವಿಷಯದಲ್ಲಿ ಅಮ್ಮ ಎಷ್ಟು ಕಟ್ಟುನಿಟ್ಟು ಎಂಬುದು ನಿನಗೆ ಗೊತ್ತೇ ಇದೆ. ಮೈಸೂರು ಬಿಟ್ಟು ಐವತ್ತು ವರ್ಷವಾದರೂ ಆ ಒಂದು ವಿಷಯದಲ್ಲಿ ಅವಳು ಈ ಊರಿನ ಮಾತು ಕೇಳಿದವಳಲ್ಲ. ಸಂಕ್ರಾಂತಿಗೆ ಪಕ್ಕದ ಮನೆಯ ಮರಾಠಿಯವರು ಕಪ್ಪು ಸೀರೆ ಉಟ್ಟು ತಿಳಗೂಳ ಕೊಡಲು ಬಂದರೆ, ಎಳ್ಳುಂಡೆ ಬಾಯಿಗೆ ಹಾಕಿಕೊಂಡು ಮುಖ ಆಚೆ ತಿರುಗಿಸುತ್ತಿದ್ದಳು. ಈ ಮದುವೆಗೆ ಮೂರು ತಿಂಗಳ ಮುಂಚೆಯೇ ಅಪ್ಪಣೆ ಹೊರಟಿತು. ಮದುವೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಕೈಯಲ್ಲೇ ಬರೆಸಿದಳು: "ದಯವಿಟ್ಟು ಯಾರೂ ಕಪ್ಪು ಬಟ್ಟೆ ಧರಿಸಿ ಬರಬಾರದು." ತನುವಿನ ಗೆಳತಿ ನಮಿತಾ ಪಾಪ, ಆಸೆಪಟ್ಟು ಕರಿ ಲೆಹಂಗಾ ಹೊಲಿಸಿಕೊಂಡಿದ್ದಳು. ಅಮ್ಮ ಅವಳನ್ನು ಮನೆಗೇ ಕರೆಸಿ, ಕೂರಿಸಿ, ಉಪ್ಪಿಟ್ಟು ಕೊಟ್ಟು, ಅದನ್ನು ಉಡದ ಹಾಗೆ ಮಾಡಿ ಕಳಿಸಿದಳು. "ಕಾಲ ಬದಲಾಗಿದೆ ಅಜ್ಜಿ" ಎಂದು ತನು ಜಗಳವಾಡಿದ್ದಕ್ಕೆ, "ಕಾಲ ಬದಲಾಗ್ಲಿ ಕಣೇ, ಧಾರೆ ಮುಹೂರ್ತ ಬದಲಾಗಿಲ್ವಲ್ಲ" ಎಂದಳು.

ಇನ್ನು ನಿನ್ನ ಸೀರೆ. ನೀನು ಸಿಂಗಾಪುರದಿಂದ ವಿಡಿಯೋ ಕಾಲ್ ಮಾಡಿ ದಾದರಿನ ಅಂಗಡಿಯಲ್ಲಿ ಅಮ್ಮನಿಗೆಂದು ಆರಿಸಿದೆಯಲ್ಲ, ಬಾಟಲ್ ಗ್ರೀನ್, ಕೆಂಪಂಚು. ಮದುವೆಗೆ ಎರಡು ದಿನ ಮುಂಚೆ ಬಂತು. ಡಬ್ಬಿಯ ಮೇಲಿನ ಚೀಟಿಯಲ್ಲೂ ಹಾಗೇ ಬರೆದಿತ್ತು. ಬಿಚ್ಚಿ ನೋಡೋಣ ಎಂದರೆ ಅಮ್ಮ ಬಿಡಲಿಲ್ಲ. ಮಗ ಕೊಡಿಸಿದ ಸೀರೆಯ ಮಡಿಕೆಯನ್ನು ಮದುವೆಯ ದಿನ ತಾನೇ ಮುರಿಯುತ್ತೇನೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಳು. ಭಾನುವಾರ ಬೆಳಿಗ್ಗೆ ಐದಕ್ಕೇ ನಾವೆಲ್ಲ ಮದುಮಗಳನ್ನು ಕರೆದುಕೊಂಡು ಮಾಟುಂಗದ ಕಲ್ಯಾಣಮಂಟಪಕ್ಕೆ ಹೊರಟೆವು. ಅಮ್ಮ ಸ್ನಾನ, ಪೂಜೆ ಮುಗಿಸಿ ತಾನೇ ಸೀರೆ ಉಟ್ಟುಕೊಂಡು ಭೀಮರಾಯನ ಟ್ಯಾಕ್ಸಿಯಲ್ಲಿ ಬರುವುದೆಂದು ಮೊದಲೇ ಮಾತಾಗಿತ್ತು.

ಎಂಟೂವರೆಗೆ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದೆವು. ನಾನು, ಮದುಮಗ ರೋಹಿತನ ಸೋದರತ್ತೆ, ನಮ್ಮ ನೀಲಾಬಾಯಿ. ಭೀಮರಾಯನ ಹೆಂಡತಿ ನೀಲಾಬಾಯಿಯನ್ನು ನೀನು ಮರೆತಿರಲಾರೆ. ನೀನು ಕಾಲೇಜಿಗೆ ಹೋಗುವಾಗ ನಮ್ಮ ಮನೆಗೆ ನೀರು ಹೊತ್ತು, ಪಾತ್ರೆ ತಿಕ್ಕುತ್ತಿದ್ದವಳು. ಈಗ ದಾದರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಳೆ. ಟ್ಯಾಕ್ಸಿ ನಿಂತಿತು, ಅಮ್ಮ ಇಳಿದಳು. ನನ್ನ ಕೈಯಲ್ಲಿದ್ದ ಪನ್ನೀರುದಾನಿ ಬೀಳುವುದೊಂದು ಬಾಕಿ. ಸೀರೆ ಕಪ್ಪು, ಕಿಟ್ಟು. ಕಡುಹಸಿರಲ್ಲ, ಕಡುನೀಲಿಯಲ್ಲ, ಬಿಸಿಲಿಗೆ ಹಿಡಿದರೂ ಇನ್ನೊಂದು ಬಣ್ಣ ತೋರದ ಕಾಡಿಗೆ ಕಪ್ಪು. ಅದರ ಮೇಲೆ ಆ ಕೆಂಪಂಚು ಹೊಳೆಯುತ್ತಿತ್ತು. ಅಮ್ಮನ ಮುಖವೂ ಹೊಳೆಯುತ್ತಿತ್ತು. ಅಪ್ಪ ಹೋದ ಮೇಲೆ ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಸೆರಗನ್ನು ಮುಂದಕ್ಕೆ ತಂದು ಹಿಡಿದು, "ಹೇಗಿದ್ಯೇ ಸುಪ್ರಜಾ ನನ್ನ ಹಸಿರು?" ಎಂದು ಕೇಳಿದಳು.

ಸೋದರತ್ತೆ, "ಅಯ್ಯಯ್ಯೋ, ಇದೇನಿದು ಕ..." ಎಂದು ಬಾಯಿ ತೆರೆದೇಬಿಟ್ಟರು. ಮುಂದಿನ ಅಕ್ಷರ ಹೊರಬರುವುದಕ್ಕೆ ಮೊದಲು ನೀಲಾಬಾಯಿ ಎರಡು ಹೆಜ್ಜೆ ಮುಂದೆ ಹೋಗಿ ಅಮ್ಮನ ತೋಳು ಹಿಡಿದಳು. "ಹಸುರು ಭಾಳ ಚಂದ ಕಾಣ್ಲಾಕತ್ತದ್ರಿ ಅಮ್ಮಾರ. ಬಲ್ತ ಮಾವಿನೆಲಿ ಇದ್ದಂಗ ಅದ" ಎಂದಳು. ಎಂದವಳೇ ತಿರುಗಿ ನಮ್ಮಿಬ್ಬರನ್ನೂ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಗಲಾಟೆ ಮಾಡುವವರನ್ನು ಸುಮ್ಮನಿರಿಸುವ ನೋಟ.

ನೀಲಾಬಾಯಿ ಹೀಗೆ ಹೇಳಿದ್ದು ಎಷ್ಟು ದೊಡ್ಡದು ಎಂದು ನಿನಗೆ ತಿಳಿಯಬೇಕಾದರೆ ನನ್ನ ಮದುವೆಯ ದಿನದ್ದೊಂದು ಸಂಗತಿ ಹೇಳಬೇಕು. ನೀನಾಗ ಒಳಗೆ ಎಲೆ ಹಾಕುತ್ತಿದ್ದೆ, ನೋಡಿರಲಾರೆ. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ನೀಲಾಬಾಯಿ ಆಗಷ್ಟೇ ಯಾದಗಿರಿ ಕಡೆಯಿಂದ ಗಂಡನ ಜೊತೆ ಬಂದವಳು, ಇಪ್ಪತ್ತೆರಡಿರಬಹುದು. ತನ್ನ ಮದುವೆಗೆ ತಾಯಿ ಕೊಟ್ಟಿದ್ದ ಚಂದ್ರಕಾಳಿ ಸೀರೆ ಉಟ್ಟು ಬಂದಿದ್ದಳು, ಕಪ್ಪು ಒಡಲು, ಕೆಂಪು ಅಂಚು. ಅವರ ಕಡೆ ಅದಕ್ಕಿಂತ ಒಳ್ಳೆಯ ಸೀರೆಯಿಲ್ಲ. ಅಮ್ಮ ಅವಳನ್ನು ಬಾಗಿಲಲ್ಲೇ ತಡೆದಳು. "ಕಪ್ಪು ಉಟ್ಕೊಂಡು ಧಾರೆಗೆ ಬರ್ತಾರೇನೇ ನೀಲಾ? ಹೋಗು, ಬೇರೆ ಉಟ್ಕೊಂಡು ಬಾ." ಬೇರೆ ಸೀರೆ ಎಲ್ಲಿತ್ತು ಅವಳಿಗೆ? ನೆಂಟರೆಲ್ಲ ನೋಡುತ್ತಿದ್ದ ಹಾಗೆ ಮೆಟ್ಟಿಲಿಳಿದು ಹೋದಳು, ಮತ್ತೆ ಬರಲಿಲ್ಲ. ನಾನು ಮದುಮಗಳು, ಬಾಸಿಂಗ ಕಟ್ಟಿಕೊಂಡು ಹತ್ತು ಮಾರು ದೂರದಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ನೀರು ಹೊತ್ತು ತಂದಳಂತೆ. ಆ ಬಗ್ಗೆ ಯಾರೂ ಯಾವತ್ತೂ ಮಾತಾಡಿಲ್ಲ.

ಅಂಥವಳು ಮೊದಲು ಹಸಿರು ಎಂದಳು ಕಿಟ್ಟು. ಆಮೇಲೆ ನಡೆದದ್ದನ್ನೂ ಕೇಳು. ರೋಹಿತನ ತಾಯಿ ಮಾಧುರಿ ಒಳಗಿನಿಂದ ಬಂದರು. ಮಲಾಡಿನ ಈ ಬೀಗರ ಬಗ್ಗೆ ನಾನು ಎಷ್ಟು ಹೆದರಿದ್ದೆ ಗೊತ್ತಲ್ಲ, ಆರತಿ ತಟ್ಟೆಯ ಅರಿಸಿನ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೋಡುವವರು. ಅವರು ಸೀರೆ ನೋಡಿದರು, ನೀಲಾಬಾಯಿಯನ್ನು ನೋಡಿದರು, ಅಮ್ಮನ ಕಣ್ಣನ್ನು ನೋಡಿದರು. ಬಂದು ಇನ್ನೊಂದು ತೋಳು ಹಿಡಿದು, "ಬನ್ನಿ ಅಮ್ಮಾ, ನಿಮ್ಮ ಬಣ್ಣಕ್ಕೆ ಹಸಿರು ಎಷ್ಟು ಒಪ್ಪತ್ತೆ" ಎಂದು ಮೊದಲ ಸಾಲಿನ ಕುರ್ಚಿಗೆ ಕರೆದುಕೊಂಡು ಹೋದರು. ಯಾರು ಯಾರಿಗೆ ಹೇಳಿದರೋ ತಿಳಿಯದು. ಅಡುಗೆಯವರಿಗೆ ಗೊತ್ತಾಯಿತು, ಓಲಗದವರಿಗೆ ಗೊತ್ತಾಯಿತು, ಫೋಟೋದವನಿಗೆ ಗೊತ್ತಾಯಿತು. ಲೋಕಲ್ ಗಾಡಿಯಲ್ಲಿ ಕಾಲಿಡಲು ಜಾಗ ಬಿಡದ ಜನ ಇವರು, ತಡವಾದರೆ ಊಟಕ್ಕೆ ನಿಲ್ಲದೆ ಓಡುವವರು. ಮುನ್ನೂರು ಜನರೂ ಒಬ್ಬೊಬ್ಬರಾಗಿ ಅಮ್ಮನ ಕುರ್ಚಿಯ ಬಳಿ ಬಂದರು, ನಮಸ್ಕರಿಸಿದರು, ಸೀರೆ ಹೇಗಿದೆ ಎಂದು ಕೇಳಿದವಳಿಗೆ ಹಸಿರು ಎಂದರು. ನಮಿತಾ ಗುಲಾಬಿ ಲೆಹಂಗಾದಲ್ಲಿ ಬಂದಳು. ಅವಳು ಏನಾದರೂ ಅಂದುಬಿಟ್ಟಾಳು ಎಂದು ಹೆದರಿದ್ದೆ, ಅನ್ನುವ ಹಕ್ಕೂ ಅವಳಿಗಿತ್ತು. ಅಮ್ಮನ ಪಕ್ಕ ಮಂಡಿಯೂರಿ ಕೂತು ತನ್ನ ಹರಕುಮುರುಕು ಕನ್ನಡದಲ್ಲಿ, "ಅಜ್ಜಿ, ಗ್ರೀನ್ ಒಳಗೆ ನೀವು ಏಕ್‌ದಂ ಹೀರೋಯಿನ್ ಇದ್ದೀರಿ" ಎಂದಳು.

ಅಮ್ಮ ಸುಮ್ಮನಿರುವವಳೇ? ಪಕ್ಕದಲ್ಲಿ ಕೂತಿದ್ದ ಆ ಸೋದರತ್ತೆಯನ್ನು, "ತಮ್ಮ ಸೀರೆ ಯಾವ ಬಣ್ಣ?" ಎಂದು ಕೇಳಿದಳು. ನೇರಳೆ ಎಂದರು ಅವರು. "ನೇರಳೆ ಅಂದ್ರೆ ಕಪ್ಪಿಗೆ ಹತ್ರಾನೇ ಆಯ್ತಲ್ಲ. ತಪ್ಪು ತಿಳೀಬೇಡಿ, ಧಾರೆ ಹೊತ್ತಿಗೆ ಬದಲಾಯಿಸಿಬಿಡಿ" ಎಂದುಬಿಟ್ಟಳು, ತಾನು ತಲೆಯಿಂದ ಕಾಲಿನವರೆಗೆ ಕಪ್ಪಿನಲ್ಲಿ ಕೂತು! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹೆಂಗಸು ಒಂದು ಗಳಿಗೆ ಅಮ್ಮನ ಮುಖವನ್ನೇ ನೋಡಿದರು. "ಆಗ್ಲಿ ಅಮ್ಮಾ, ದೊಡ್ಡವರು ಹೇಳಿದ ಮೇಲೆ" ಎಂದು ಎದ್ದು ಹೋಗಿ ನಿಜವಾಗಿಯೂ ಹಳದಿ ಸೀರೆ ಉಟ್ಟುಕೊಂಡು ಬಂದರು. ಬೆಳಿಗ್ಗೆ ಬಾಗಿಲಲ್ಲಿ ಬಾಯಿ ತೆರೆದವರು ಇವರೇ ಎಂದರೆ ನಾನೇ ನಂಬಲಾರದೆ ಹೋದೆ.

ನಿನ್ನ ಹತ್ತಿರ ಮುಚ್ಚಿಡುವುದೇನು, ನನ್ನೊಳಗೂ ಅಮ್ಮನ ಭಯ ಕೂತಿದೆ. ಧಾರೆಯ ಹೊತ್ತಿನಲ್ಲಿ ನಾನು ಮಂತ್ರ ಕೇಳಲಿಲ್ಲ, ದೀಪವನ್ನೇ ನೋಡುತ್ತಿದ್ದೆ. ಈಗ ಆರುತ್ತದೆ, ಈಗ ಏನೋ ಆಗುತ್ತದೆ ಎಂದು. ಪುರೋಹಿತರು ತಲೆಯೆತ್ತಿ ಅಮ್ಮನನ್ನು ನೋಡಿ ಒಂದು ಕ್ಷಣ ಮಂತ್ರ ನಿಲ್ಲಿಸಿದರು. ಮುಗಿಯಿತು ಎಂದುಕೊಂಡೆ. ಅವರು ಗಟ್ಟಿಯಾಗಿ, "ಹಸಿರು ಸೀರೆ ಅಜ್ಜಿಯವರು ಮೊದಲು ಅಕ್ಷತೆ ಹಾಕಲಿ" ಎಂದರು. ನೀಲಾಬಾಯಿಯೂ ಮಾಧುರಿಯೂ ಅಮ್ಮನನ್ನು ಎಬ್ಬಿಸಿ ಕರೆತಂದರು. ಅಮ್ಮ ಮೊಮ್ಮಗಳ ತಲೆಯನ್ನು ತಡವಿ ಹುಡುಕಿ ಅಕ್ಷತೆ ಹಾಕಿದಳು. ತನು ಅಳುತ್ತಿದ್ದಳು. ದೀಪ ತನ್ನ ಪಾಡಿಗೆ ತಾನು ಉರಿಯಿತು. ಇಷ್ಟು ಮದುವೆ ನೋಡಿದ್ದೇನೆ, ಅಷ್ಟು ಮಂಗಳವಾದ ಗಳಿಗೆಯನ್ನು ಇನ್ನೊಂದು ನೋಡಿಲ್ಲ.

ಊಟದ ಹೊತ್ತಿಗೆ ನೀಲಾಬಾಯಿಯ ಪಕ್ಕದಲ್ಲೇ ಕೂತೆ. ಯಾಕೆ ಹಾಗೆ ಹೇಳಿದೆ ನೀಲಾ ಎಂದು ಕೇಳಿದೆ. ಅವಳು ಅನ್ನ ಕಲಸುತ್ತ, "ಬಾಗಿಲಿಂದ ಹೊಳ್ಳಿ ಹೋಗೂ ದಾರಿ ಭಾಳ ಉದ್ದ ಇರ್ತದ್ರಿ ಅಕ್ಕಾರ. ಈ ವಯಸ್ಸಿನಾಗ ಅಮ್ಮಾರು ಅಷ್ಟು ದೂರ ನಡೀಬಾರ್ದು ಅನಿಸ್ತು" ಎಂದಳು. ನಾನು ಎಲೆಯಿಂದ ಕೈ ತೆಗೆದೆ. ಅವತ್ತು ನಾನೂ ನೋಡುತ್ತ ನಿಂತಿದ್ದೆ ನೀಲಾ, ತಪ್ಪಾಯಿತು ಎಂದೆ. "ನೋಡಿದ್ದು ನಂಗೂ ಗೊತ್ತದ್ರಿ. ಉಣ್ರಿ ಈಗ" ಎಂದಳು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ತಪ್ಪು ನಿನ್ನದಲ್ಲ, ಹಸಿರಿನ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಬೇರೆ ಸೀರೆ ಇಟ್ಟು ಕಳಿಸಿದ ಅಂಗಡಿಯವರದ್ದು. ಒಂದೇ ಮಾತು ನೆನಪಿಡು: ಅಮ್ಮ ಸೀರೆಯ ಸುದ್ದಿ ತೆಗೆದರೆ ನೀನೂ ಹಸಿರು ಎಂದೇ ಹೇಳು. ಇಷ್ಟು ಜನ ಕಾಪಾಡಿಕೊಂಡು ಬಂದದ್ದನ್ನು ನಾವು ಒಡೆಯಬಾರದು.

ತನು, ರೋಹಿತ್ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಭಾವ ಕಟ್ಟಿದ ಗಂಟಲಲ್ಲೇ ಕೇಳುತ್ತಿದ್ದಾರೆ, ಯಾವಾಗ ಬರುತ್ತೀಯ ಎಂದು. ಸಮುದ್ರ ನಿನ್ನನ್ನು ತಂಪಾಗಿ ಇಟ್ಟಿರಲಿ.

ಇತಿ ನಿನ್ನ ಅಕ್ಕ,
ಸುಪ್ರಜಾ

ತಾ.ಕ.: ಶುಕ್ರವಾರ ಮಧ್ಯಾಹ್ನ. ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಕೆಳಗೆ ಭೀಮರಾಯ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಮೇಲೆ ಹಸಿರು ಎಂದೇ ಹೇಳು ಎಂದೆನಲ್ಲ, ಅದನ್ನು ಹೊಡೆದುಹಾಕು. ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದರು, ಸೋಮವಾರ ಅಮ್ಮನ ಕಣ್ಣಿನ ಆಪರೇಶನ್. ಪಟ್ಟಿ ಬಿಚ್ಚಿದ ಕೂಡಲೇ ಕಿಟ್ಟು ಕೊಡಿಸಿದ ಸೀರೆ ನೋಡಬೇಕು ಎಂದು ಅಮ್ಮ ಕೂತುಬಿಟ್ಟಳು. ಅಂಥದೇ ಹಸಿರೊಂದನ್ನು ತಂದು ಇಟ್ಟುಬಿಡೋಣ ಎಂದು ನಾನು ಹೊರಟಿದ್ದೆ. ನೀಲಾಬಾಯಿ ಒಪ್ಪಲಿಲ್ಲ. "ಆ ಸುಳ್ಳು ಒಂದ್ ದಿನದ್ದಿತ್ತು, ಮುಗೀತು. ತಾವೇ ನೋಡಿ ಎದಿ ಒಡಕೊಳ್ಳೂಕ್ಕಿಂತ ನಾನೇ ಹೇಳ್ತೀನ್ರಿ" ಎಂದು ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದು ಅಮ್ಮನ ಎದುರು ಕೂತು ಎಲ್ಲ ಹೇಳಿಬಿಟ್ಟಳು. ಅಮ್ಮ ಸೀರೆಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಮಾಧುರಿಗೂ ಗೊತ್ತಿತ್ತಾ?" ಎಂದಳು. ಹೂಂ ಎಂದಳು ನೀಲಾ. "ಪುರೋಹಿತರಿಗೆ?" ಗೊತ್ತಿತ್ತು. "ಆ ನೇರಳೆ ಸೀರೆಯೋರಿಗೆ?" "ಅವರಿಗೇ ಮೊದಲ ಗೊತ್ತಾಗಿತ್ರಿ." ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಷ್ಟೂ ಜನಾನಾ? ಒಬ್ಬರೂ ನನ್ನ ವಾಪಸ್ ಕಳಿಸ್ಲಿಲ್ವಾ?" ಎಂದಳು, ಚಿಕ್ಕ ಹುಡುಗಿಯ ದನಿಯಲ್ಲಿ. ಮತ್ತೆ, "ನೀಲಾ, ಅವತ್ತು ನಾನು ನಿನ್ನ..." ಎಂದು ಕೈ ಚಾಚಿದಳು. ನೀಲಾಬಾಯಿಯ ಕೈ ಹಿಡಿದುಕೊಂಡವಳು ಇನ್ನೂ ಬಿಟ್ಟಿಲ್ಲ. ಈಗ ಎರಡು ಮುಕ್ಕಾಲು, ಮೂರಕ್ಕೆ ಅವಳ ಡ್ಯೂಟಿ. ಬಿಡಿಸಿಕೊಳ್ಳುವ ಆತುರ ಅವಳಿಗೂ ಇದ್ದಂತಿಲ್ಲ. ಇವತ್ತು ನೀಲಾಬಾಯಿ ಬರುವುದು ತಡವಾಗುತ್ತದೆ ಎಂದು ಆಸ್ಪತ್ರೆಗೆ ನಾನೇ ಫೋನ್ ಮಾಡಬೇಕು.