ಹತ್ತೂ ಇಪ್ಪತ್ತರ ಇಳಿತ

ಮಾರ್ಚ್ 3, ಸೋಮವಾರ, 11.00
ಬೆಳಿಗ್ಗೆ, ಕೊಳವೆಯನ್ನೂ ಕಿರಣದ ದಾರಿಯನ್ನೂ ಮುಚ್ಚಿರುವ ಪೆಟ್ಟಿಗೆಗೆ ನೈಟ್ರೋಜನ್ ಬಿಟ್ಟಾಯಿತು, ಹೊರಗಿನ ಗಾಳಿ ಒಳಗಿರಬಾರದೆಂದು. ಒಂಬತ್ತಕ್ಕೆ, ಉಳಿದದ್ದನ್ನು ಹೋಲಿಸಿ ನೋಡಲು, ಖಾಲಿ ಕೊಳವೆಯ ಅಳತೆ — ದಿನಕ್ಕೊಂದೇ ಸಲ, ಯಾರೂ ಬರುವ ಮುಂಚೆ. ಆಮೇಲೆ ಕೊಳವೆಗೆ ಇಂಗಾಲದ ಡೈಆಕ್ಸೈಡ್, ವಿದ್ಯುತ್. ಕೊಳವೆ ನೇರಳೆ ಬಣ್ಣಕ್ಕೆ ಹೊತ್ತಿಕೊಂಡಿತು. ಅವಕೆಂಪು ಕಿರಣ ಅದರೊಳಗೆ ಹಾದು ಬರುವಾಗ ಎಲ್ಲೆಲ್ಲಿ ಎಷ್ಟು ಕಳೆದುಕೊಂಡಿದೆ ಎಂದು ನೋಡಿದರೆ ಎರಡು ತಾಪ ಸಿಗುತ್ತವೆ: ಅಣುಗಳ ಓಡಾಟದ್ದು 520 ಕೆಲ್ವಿನ್, ಒಳಗಿನ ಕಂಪನದ್ದು 910. ಒಂದೇ ಅಣುವಿಗೆ ಎರಡು ಜ್ವರ. ಮೂರು ವರ್ಷವಾದರೂ ಈ ಸೋಜಿಗ ಹಳತಾಗಿಲ್ಲ.
10.20ಕ್ಕೆ ಕಂಪನದ ತಾಪ 845ಕ್ಕೆ ಇಳಿಯಿತು. ಅರ್ಧ ಗಂಟೆಯಲ್ಲಿ ಮತ್ತೆ 910. ಯಾಕೆ?

ಮಾರ್ಚ್ 5, ಬುಧವಾರ
ಮೂರನೇ ದಿನವೂ ಅದೇ ಹೊತ್ತಿಗೆ ಇಳಿತ. ವಿದ್ಯುತ್ ಸ್ಥಿರ. ತಣ್ಣೀರು ಸ್ಥಿರ. ಮಾರ್ಗದರ್ಶಿ ವಿಲ್ಲಮೈನ್ ಕೋಟು ಕೂಡ ಬಿಚ್ಚದೆ ಗ್ರಾಫ್ ಮುಂದೆ ನಿಂತರು. ಬಿಸಿಯಾದ ಗಾಜಿನ ಗೋಡೆ ಒಂದು ಹಂತದಲ್ಲಿ ಅಣುಗಳ ಕಂಪನವನ್ನು ಕಸಿಯುತ್ತಿರಬಹುದು, ಯಾರೂ ಇದನ್ನು ಕಂಡಿಲ್ಲ ಎಂದರು. "ನಿಜ ಆದ್ರೆ ಫೆನ್ನಾ, ನಿನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಇದೇ."
ಆ ಅಧ್ಯಾಯ ಈಗ ಖಾಲಿ. ನನ್ನ ಕೆಲಸದ ಅವಧಿ ಆಗಸ್ಟ್‌ಗೆ ಮುಗಿಯುತ್ತದೆ. ಸಮ್ಮೇಳನಕ್ಕೆ ಸಾರಾಂಶ ಕಳಿಸಲು 21 ಕೊನೆ.
ಹತ್ತು ಗಂಟೆಯ ಕಾಫಿ ಮುಗಿಸಿ ಹ್ಯೂಬ್ ಎಂದಿನಂತೆ ನನ್ನ ಕಪ್ ತಂದುಕೊಟ್ಟರು. ಗಾಜು ಊದುವವರು, ಈ ಕೊಳವೆ ಅವರ ಕೈಯದು, ಕೊನೆಯದು. 28ಕ್ಕೆ ನಿವೃತ್ತಿ. ಪೆಟ್ಟಿಗೆಗೆ ಮೊಣಕೈ ಊರಿ ಬೆಳಕು ನೋಡುತ್ತ ನಿಲ್ಲುತ್ತಾರೆ. "ಅಳತೆ ಗಿಳತೆ ನಿಂದು ಮಾರಾಯ್ತಿ. ಬಣ್ಣ ನಂದು."

ಮಾರ್ಚ್ 8, ಶನಿವಾರ
ಮಳೆಯಲ್ಲೇ ಡೊಮ್ಮೆಲ್ ಹೊಳೆಯ ಪಕ್ಕ ಸೈಕಲ್ ತುಳಿದು ಬಂದೆ. ಕಟ್ಟಡದಲ್ಲಿ ನಾನೊಬ್ಬಳೇ. ಇಳಿತ ಇಲ್ಲ. ಮಧ್ಯಾಹ್ನದವರೆಗೂ 910. ಗಾಜಿಗೆ ಶನಿವಾರ ಹೇಗೆ ಗೊತ್ತು?

ಮಾರ್ಚ್ 13, ಗುರುವಾರ
ಇಳಿತ ಇಲ್ಲ. ಕಾಫಿಯೂ ಇಲ್ಲ — ಹ್ಯೂಬ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರೆ.
ಇಷ್ಟು ಬರೆದು, ಓದಿಕೊಂಡು, ಹಿಂದಿನ ದಿನಗಳ ಪುಟ ತಿರುವಿದೆ...

ಮಾರ್ಚ್ 14, ಶುಕ್ರವಾರ, 9.55
ಹ್ಯೂಬ್ ನಿಲ್ಲುವಲ್ಲಿ ನಾನೇ ನಿಂತೆ. ಮೊಣಕೈ ಊರಿದೆ. ಉಸಿರಾಡಿದೆ. 852.
ಮುಚ್ಚಳದ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆ. ಉಸಿರಲ್ಲೂ ಇಂಗಾಲದ ಡೈಆಕ್ಸೈಡ್. ಅದು ಕಿರಣದ ದಾರಿಗೆ ನುಸುಳುತ್ತಿದೆ. ಕೊಳವೆಯೊಳಗಿನದಕ್ಕೆ ಹೋಲಿಸಿದರೆ ತಣ್ಣಗಿನದು. ಲೆಕ್ಕಕ್ಕೆ, ಕಂಪಿಸದ ಅಣುಗಳು ಹೆಚ್ಚಾದಂತೆ ಕಾಣುತ್ತದೆ. ಒಂಬತ್ತರ ಖಾಲಿ ಅಳತೆಗೆ ಇದೊಂದೂ ಗೊತ್ತಿರಲಿಲ್ಲ. ದಿನಕ್ಕೊಂದೇ ಸಲ — ತಪ್ಪು ನನ್ನದು.

ಮಾರ್ಚ್ 17, ಸೋಮವಾರ
ವಿಲ್ಲಮೈನ್‌ಗೆ ಹೇಳಿದೆ. ತುಂಬ ಹೊತ್ತು ಗ್ರಾಫ್ ನೋಡಿದರು. ಗೋಡೆಯ ಮಾತು ತಮ್ಮದೇ ಆತುರ ಎಂದು ಒಪ್ಪಿದರು. ಸಾರಾಂಶ ಬೇಡ. ಅಧ್ಯಾಯ? "ಇರೋದನ್ನ ಸರಿಯಾಗಿ ಅಳತೆ ಮಾಡು. ಚಿಕ್ಕದಾದ್ರೆ ಚಿಕ್ಕದು."
ಹ್ಯೂಬ್‌ಗೆ ಹೇಳಲು ಆಗಲಿಲ್ಲ. ಕಪ್ ಕೊಟ್ಟರು, ಊರಿದರು, ಇಳಿಯಿತು.

ಮಾರ್ಚ್ 21, ಶುಕ್ರವಾರ
ಇಂದು ಹೇಳಿದೆ. ಸುಟ್ಟುಕೊಂಡವರಂತೆ ಮೊಣಕೈ ತೆಗೆದರು. ಮೂರು ವಾರದ ಗ್ರಾಫ್‌ಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದೆ. ಒಂದೊಂದು ಇಳಿತದ ಮೇಲೂ ಬೆರಳಿಟ್ಟರು.
"ಇವೆಲ್ಲ ನಾನಾ?"
ಹೌದೆಂದೆ.
"ನಲವತ್ತೊಂದು ವರ್ಷ ಗಾಜಿಗೆ ಉಸಿರು ಊದಿದೀನಿ. ಇಷ್ಟು ದಿನ ಯಾರೂ ಅಳತೆ ಮಾಡಿರ್ಲಿಲ್ಲ ಬಿಡು."

ಮಾರ್ಚ್ 28, ಶುಕ್ರವಾರ
ಹ್ಯೂಬ್ ತಮ್ಮೂರಿಂದ ತಂದ ಚೆರ್ರಿ ಹಣ್ಣು ತುಂಬಿ ಬೇಯಿಸಿದ ವ್ಲಾಯ್, ಎಲ್ಲರಿಗೂ ಒಂದೊಂದು ತುಂಡು. ಎರಡು ಭಾಷಣ. ಆಮೇಲೆ ಕಪ್ ಹಿಡಿದು ಬಂದರು, ಜೇಬಿನಲ್ಲಿ ಹೊಸ ರಬ್ಬರ್ ಪಟ್ಟಿ. ಹಾಕುವ ಮುಂಚೆ ಹತ್ತು ನಿಮಿಷ ಅಲ್ಲೇ ನಿಲ್ಲಿ ಎಂದೆ. ಮೊಣಕೈ ಊರಿದರು.
838. ಈವರೆಗಿನ ಅತಿ ಆಳದ್ದು. ಆ ಕಡತಕ್ಕೆ ಅವರ ಹೆಸರು ಕೊಟ್ಟೆ. ಪಟ್ಟಿ ಅವರೇ ಕೂರಿಸಿದರು.

ಮಾರ್ಚ್ 31, ಸೋಮವಾರ
ಕಪ್ ನಾನೇ ತಂದುಕೊಂಡೆ. ಪೆಟ್ಟಿಗೆಗೆ ಮೊಣಕೈ ಊರಿಯೇ ಬರೆಯುತ್ತಿದ್ದೇನೆ. ಮುಚ್ಚಳ ಬಿಗಿ. ಖಾಲಿ ಅಳತೆ ಇನ್ನು ಗಂಟೆಗೊಮ್ಮೆ. ನಾಲ್ಕನೇ ಅಧ್ಯಾಯ ಇಲ್ಲಿಂದ.
10.15 — 910
10.20 — 911
10.25 — 910. ಗೆರೆ ನೇರ. ಇದೇ ಬೇಕಿತ್ತು.
10.30 —