ಎಡದಿಂದ ಹನ್ನೊಂದನೆಯ ಕೀ

ಅಕ್ಟೋಬರ್ ೯, ಗುರುವಾರ

ಪ್ರೀತಿಯ ಗುಬ್ಬಿ,

ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ ಅತ್ತಿಗೆಯನ್ನು ನೀನು ಎಷ್ಟು ಬೈದುಕೊಂಡಿದ್ದರೂ ಅದು ನನಗೆ ಸಲ್ಲಬೇಕಾದದ್ದೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಮೊದಲ ಸಾಲಿಗೇ ಪೆನ್ನು ನಿಂತಿತು. ಹೊಲಿಗೆ ಕೆಲಸ ಜಾಸ್ತಿಯಿತ್ತು ಎನ್ನಬಹುದಿತ್ತು. ಆದರೆ ನನ್ನ ನೆಪಗಳು ನಿನಗೆ ಹೊಸವೇ?

ನೀನು ಕೇಳಿದ್ದು ಒಂದೇ ಒಂದು. "ಅತ್ತಿಗೆ, ಅಣ್ಣ ಕೊನೆಗೆ ಏನ್ ಹೇಳಿದ ಅನ್ನೋದನ್ನ ನಿಮ್ಮ ಕೈಯಾರೆ ಬರೆದು ಕಳಿಸಿ, ನನ್ನ ಹತ್ರ ಇಟ್ಕೋತೀನಿ" ಎಂದು. ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಲವೂ ಪೆನ್ನು ಮುಷ್ಕರ ಹೂಡುತ್ತದೆ.

ನಗಬೇಡ. ನಾನು ಪಿಯಾನೊ ಕಲಿಯುತ್ತಿದ್ದೇನೆ. ಐವತ್ತೇಳನೆಯ ವಯಸ್ಸಿನಲ್ಲಿ! ಮೂವತ್ತೊಂದು ವರ್ಷ ಪಿಯಾನೊ ಶ್ರುತಿ ಮಾಡುವವರ ಹೆಂಡತಿಯಾಗಿದ್ದು ಒಂದು ಕೀ ಕೂಡ ಮುಟ್ಟದವಳು. ನಿಮ್ಮಣ್ಣನೂ ನುಡಿಸುತ್ತಿರಲಿಲ್ಲವಲ್ಲ. "ನಾನು ಸರಿಮಾಡೋನು, ನುಡಿಸೋರು ಬೇರೆ ಇದಾರೆ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಸಂಗೀತವೆಂದರೆ ಒಂದೇ ಕೀ, ಟಣ್, ಟಣ್, ಟಣ್ ಎಂದು ಅರ್ಧ ಗಂಟೆ. ನೀನು ರಜೆಗೆ ಬಂದಾಗ ಕಿವಿಗೆ ಹತ್ತಿ ತುರುಕಿಕೊಂಡು "ಇದನ್ನ ಹೇಗೆ ತಡ್ಕೋತೀರಿ ಅತ್ತಿಗೆ?" ಎಂದು ಗೋಳಾಡುತ್ತಿದ್ದೆ. ನನಗೆ ಅದು ಅಭ್ಯಾಸವಾಗಿಹೋಗಿತ್ತು. ಪಕ್ಕದ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಂತೆಯೇ, ಅವರು ತಂತಿ ಬಿಗಿದ ಹಾಗೆಲ್ಲ ಸ್ವರ ಕೂದಲೆಳೆಯಷ್ಟು ಏರುವುದು ಗೊತ್ತಾಗುತ್ತಿತ್ತು. ಇನ್ನೆರಡು ತಿರುವು, ಆಮೇಲೆ "ಟೈಲರಮ್ಮಾ, ಟೀ!" ಎಂಬ ಕೂಗು ಬರುತ್ತದೆಂದು ಎದ್ದು ಒಲೆ ಹಚ್ಚುತ್ತಿದ್ದೆ.

ಕಲಿಯುವ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳುತ್ತೀಯ. ಎಲ್ಲರಿಗೂ ಹೊತ್ತು ಹೋಗಲಿ ಎಂದು ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ಹೆದರಬೇಡ, ತಲೆ ಕೆಟ್ಟಿದೆ ಎಂದೂ ತಿಳಿಯಬೇಡ.

ನಿಮ್ಮಣ್ಣ ಹೋದ ಮೂರನೆಯ ವಾರ, ಪರದೆ ಹೊಲಿಯಲು ಕೊಟ್ಟಿದ್ದ ಶಾಲೆಯವರು ಹೇಳಿಕಳಿಸಿದರು. ಅವರ ಸಭಾಂಗಣದ ಪರದೆಗಳು ನಮ್ಮ ಮನೆಯಲ್ಲಿ ಅರ್ಧಕ್ಕೇ ನಿಂತಿದ್ದವು. ಹದಿನಾರು ಪರದೆ, ದಪ್ಪ ಬಟ್ಟೆ, ಒಂದೊಂದರ ಅಂಚು ಹಿಡಿದರೆ ಮುಗಿಯುವುದೇ ಇಲ್ಲ. ಮಧ್ಯಾಹ್ನ ಮೂರು ಗಂಟೆ, ಕಿಟಕಿಯಿಂದ ಒಳ್ಳೆ ಬಿಸಿಲು. ಒಂದಷ್ಟು ದೂರ ಹೊಲಿದಿರಬೇಕು, ಪಕ್ಕದ ಕೋಣೆಯಲ್ಲಿ ಟಣ್ ಎಂದಿತು. ಕೆಳಗಿನ, ದಪ್ಪನೆಯ ಸ್ವರ. ಸ್ವಲ್ಪ ಬಿಟ್ಟು ಇನ್ನೊಂದು. ಕಾಲು ನಿಲ್ಲಿಸಿದೆ, ಅದೂ ನಿಂತಿತು. ಎದ್ದು ಹೋಗಿ ನೋಡಿದರೆ ಕೋಣೆ ಖಾಲಿ, ಅವರ ಪಿಯಾನೊದ ಮುಚ್ಚಳ ಮುಚ್ಚಿದ ಹಾಗೇ ಇತ್ತು.

ಮಿಷನ್ ಅದುರುವುದಕ್ಕೆ ತಂತಿ ಮಿಡಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನವೂ ಆಯಿತು, ಅದರ ಮರುದಿನವೂ. ಅಂಚು ಹೊಲಿಯಲು ಶುರುಮಾಡಿದರೆ ಟಣ್, ನಿಲ್ಲಿಸಿದರೆ ಇಲ್ಲ. ನನ್ನ ಕಿವಿಯ ಭ್ರಮೆಯೆಂದೇ ಇದ್ದೆ. ಆದರೆ ಕೆಳಗಿನ ಮನೆಯ ಕಾಂಪೌಂಡರ್ ಮೆಟ್ಟಿಲಲ್ಲಿ ಸಿಕ್ಕಾಗ, "ಏನಮ್ಮಾ, ನೆಂಟರು ಬಂದಿದಾರಾ?" ಎಂದು ಕೇಳಿದರು. ಯಾಕೆ ಎಂದೆ. "ಹೊಲಿಗೆ ಮಿಷನ್ ಸದ್ದು ಕೇಳುತ್ತೆ, ಅದೇ ಹೊತ್ತಿಗೆ ಪಿಯಾನೊ ಸದ್ದೂ ಕೇಳುತ್ತೆ. ನಿಮಗಿರೋದು ಎರಡೇ ಕೈಯಲ್ವಾ, ಅದಕ್ಕೇ ಕೇಳಿದೆ" ಎಂದು ನಕ್ಕರು.

ಅವತ್ತು ಮುಚ್ಚಳ ತೆರೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಷ್ಟೂ ಬಿಳಿ ಕೀಗಳ ಮೇಲೆ ಅಡ್ಡಗೆರೆ ಎಳೆದಿಟ್ಟೆ. ನೀಲಿ ಸುಣ್ಣ. ಬಂದು ಒಂದು ಅಂಚು ಹೊಲಿದೆ. ಟಣ್ ಟಣ್ ಎಂದು ಆರು ಸಲ ಕೇಳಿತು. ಹೋಗಿ ನೋಡಿದೆ. ಎಡದಿಂದ ಹನ್ನೊಂದನೆಯ ಕೀಯ ಗೆರೆ ಮಾತ್ರ ಅಳಿಸಿತ್ತು. ಟೇಪು ಹಿಡಿದು ಅಳೆದೆ, ದರ್ಜಿಯ ಬುದ್ಧಿ ಎಲ್ಲಿ ಹೋಗುತ್ತದೆ ಹೇಳು. ಮುಕ್ಕಾಲು ಇಂಚು, ಗಂಡಸಿನ ಬೆರಳಿನ ಅಗಲ. ಗುರುತು ನೇರವಾಗಿರಲಿಲ್ಲ, ಓರೆಯಾಗಿ ಕೆಳಗೆ ಎಳೆದುಕೊಂಡು ಹೋಗಿತ್ತು. ಕುರ್ಚಿಯಲ್ಲಿ ಕೂತವರ ಕೈ ಹಾಗೆ ಬರುವುದಿಲ್ಲ. ನೆಲದಿಂದ ಮೇಲಕ್ಕೆ ಚಾಚಿದರೆ ಮಾತ್ರ ಬೆರಳು ಹಾಗೆ ಜಾರುತ್ತದೆ.

ಮಾರಿಬಿಡುವುದೇ ಸರಿ ಎನಿಸಿತು. ಎರಡು ಬೀದಿ ಆಚೆಯ ಸಂಗೀತ ಶಾಲೆಯ ಟೀಚರ್ ನೋಡಲು ಬಂದರು. ಎಳೆ ವಯಸ್ಸು, ಮುಖ ಮಾತ್ರ ಯಾವಾಗಲೂ ಗಂಟು. ಒಂದು ತುದಿಯಿಂದ ಕೀಗಳನ್ನೆಲ್ಲ ಒತ್ತುತ್ತಾ ಬಂದು ಒಂದು ಕಡೆ ನಿಂತರು. ಮತ್ತೆ ಒತ್ತಿದರು. ಕೀ ಇಳಿಯುತ್ತದೆ, ಸದ್ದಿಲ್ಲ. "ಇದೊಂದು ಸತ್ತಿದೆ ಅಮ್ಮಾ. ಹೀಗಿದ್ರೆ ಶಾಲೆಗೆ ತಗೊಳಕ್ಕಾಗಲ್ಲ" ಎಂದರು. ಯಾವುದೆಂದು ನಾನು ಎಣಿಸಬೇಕಾಗಿರಲಿಲ್ಲ. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನನ್ನ ಬಾಯಿಂದ ತಾನಾಗಿಯೇ ಬಂತು, "ಹಾಗಾದ್ರೆ ನನಗೇ ಕಲಿಸಿಬಿಡಿ." ಅವರು ನನ್ನ ತಲೆಗೂದಲು ನೋಡಿದರು, ನನ್ನ ಕೈ ನೋಡಿದರು, ಒಪ್ಪಿಕೊಂಡರು.

ನನ್ನ ಪಾಠ ನೋಡಿದ್ದರೆ ನಿನಗೆ ಹೊಟ್ಟೆ ಹುಣ್ಣಾಗುತ್ತಿತ್ತು ಗುಬ್ಬಿ. ಮೊದಲನೆಯದು ಕಾಲಿನ ರಗಳೆ. ಕೂತ ಕೂಡಲೇ ಎರಡೂ ಪಾದ ತುಳಿಯಲು ಶುರು. "ಕಾಲು ಯಾಕೆ ಆಡಿಸ್ತೀರಿ? ಇದು ಹೊಲಿಗೆ ಮಿಷನ್ ಅಲ್ಲ!" ಎಂದು ದಿನಕ್ಕೆ ಹತ್ತು ಸಲ ಬೈಗುಳ. ಎರಡನೆಯದು ಕೈ. ನಲವತ್ತು ವರ್ಷ ಎರಡೂ ಕೈ ಸೇರಿಸಿ ಬಟ್ಟೆಯನ್ನು ಒಂದೇ ದಿಕ್ಕಿಗೆ ತಳ್ಳಿದವಳಿಗೆ, ಬಲಗೈ ಅತ್ತ ಹೋಗಲಿ, ಎಡಗೈ ಇತ್ತ ಬರಲಿ ಎಂದರೆ ಹೇಗೆ? ಬಲಗೈ ಹೋದಲ್ಲಿಗೆ ಎಡಗೈಯೂ ಹಿಂದೆಯೇ ಓಡುತ್ತದೆ. ಸಂಗೀತ ಶಾಲೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಆರು ವರ್ಷದ ಹುಡುಗಿ "ಅಜ್ಜಿ, ನಾನು ತೋರಿಸಲಾ?" ಎಂದಳು. ತೋರಿಸಿದಳು ಕೂಡ, ನಾನು ಬಾಯಿ ಮುಚ್ಚಿಕೊಂಡು ಕಲಿತೆ.

ಎರಡು ತಿಂಗಳಾದ ಮೇಲೆ ಟೀಚರಿಗೆ ಹೇಳಿದೆ: ಆ ಹನ್ನೊಂದನೆಯ ಕೀ ಬರುವ ಒಂದು ಪಾಠ ಕೊಡಿ. "ಅದು ತುಂಬ ಕೆಳಗಾಯ್ತು. ಹೊಸಬರು ಅಲ್ಲಿಗೆಲ್ಲ ಹೋಗಲ್ಲ. ಸಾಲದ್ದಕ್ಕೆ ನಿಮ್ಮ ಪಿಯಾನೊದಲ್ಲಿ ಅದು ನುಡಿಯೋದೇ ಇಲ್ಲವಲ್ಲ" ಎಂದರು. ನಾನು ಹಟ ಬಿಡಲಿಲ್ಲ. ಒಂದೇ ಕೀ ಎಷ್ಟು ದಿನ ಒಂಟಿಯಾಗಿ ಹೊಡೆದುಕೊಳ್ಳುತ್ತದೆ? ನಾಲ್ಕು ಸ್ವರಗಳ ನಡುವೆ ಒಮ್ಮೆ ಬಂದುಹೋದರೆ ಅದಕ್ಕೂ ಜೊತೆ ಸಿಕ್ಕೀತು, ಸಮಾಧಾನವಾದೀತು. ಇದು ನನ್ನ ಲೆಕ್ಕಾಚಾರ, ಟೀಚರಿಗೆ ಹೇಳಲಿಲ್ಲ. ಕೊನೆಗೆ ಅವರೇ ಎಂಟು ಸಾಲಿನ ಪುಟ್ಟದೊಂದನ್ನು ಬರೆದುಕೊಟ್ಟರು. ಕೊನೆಯ ಸ್ವರ ಎಡಗೈ ಕಿರುಬೆರಳಿಗೆ, ಅದೇ ಕೀ. ಮೂರು ತಿಂಗಳು ತಿದ್ದಿದೆ. ಆ ಒಂದು ಜಾಗಕ್ಕೆ ಬಂದಾಗ ಮಾತ್ರ ಕೈ ಎತ್ತಿಬಿಡುತ್ತಿದ್ದೆ, ಮುಟ್ಟುವ ಧೈರ್ಯವಾಗಲಿಲ್ಲ.

ಹೋದ ಮಂಗಳವಾರ ಟೀಚರ್ ನಮ್ಮ ಮನೆಗೇ ಬಂದು ಪಕ್ಕದಲ್ಲಿ ಕೂತರು. "ಇವತ್ತು ಪೂರ್ತಿ ನುಡಿಸಬೇಕು, ಕೈ ಎತ್ತೋ ಹಾಗಿಲ್ಲ" ಎಂದರು. ನುಡಿಸಿದೆ. ಏಳು ಸಾಲು ಒಂದೂ ತಪ್ಪಲಿಲ್ಲ, ಕಾಲೂ ಸುಮ್ಮನಿತ್ತು. ಎಂಟನೆಯ ಸಾಲಿನ ಕೊನೆಗೆ ಕಿರುಬೆರಳನ್ನು ಚಾಚಿದೆ. ಬೆರಳು ತಲುಪುವ ಮೊದಲೇ ಆ ಕೀ ಕೆಳಗಿಳಿದಿತ್ತು. ಸ್ವರ ಕೋಣೆಯೆಲ್ಲ ತುಂಬಿ ಬಹಳ ಹೊತ್ತು ನಿಂತಿತು. ನನ್ನ ಕೈ ಗಾಳಿಯಲ್ಲೇ ಇತ್ತು.

ಟೀಚರ್ ಕಣ್ಣು ಪುಸ್ತಕದ ಮೇಲಿತ್ತು. "ಅರೆ, ಇದು ಸರಿಹೋಗಿದೆಯಲ್ಲ! ಯಾರು ರಿಪೇರಿ ಮಾಡಿದ್ರು?" ಎಂದರು.

"ಮನೆಯವರು" ಎಂದೆ.

ಅವರು ಪುಸ್ತಕ ಮಡಚಿದರು. ಬೇಗ ಹೊರಟುಹೋದರು.

ಹಾಳೆ ಮುಗಿಯುತ್ತಾ ಬಂತು. ನೀನು ಕೇಳಿದ್ದನ್ನು ಇನ್ನೂ ಬರೆದಿಲ್ಲ, ಗೊತ್ತು. ನಿನ್ನ ದೊಡ್ಡವಳಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ. ಚಿಕ್ಕವನಿಗೆ ಅಂಗಿ ಹೊಲಿದಿಟ್ಟಿದ್ದೇನೆ, ಬೆಳೆಯುವ ಹುಡುಗನೆಂದು ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿದ್ದೇನೆ. ನೀವೆಲ್ಲ ನೂರು ಕಾಲ ಸುಖವಾಗಿರಿ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ಇತಿ ನಿನ್ನ ಅತ್ತಿಗೆ,
ಟೈಲರಮ್ಮ

ಮರೆತ ಮಾತು: ಮರೆತದ್ದಲ್ಲ ಗುಬ್ಬಿ. ಅಣ್ಣ ನನ್ನ ಭುಜಕ್ಕೆ ಒರಗಿ "ಸ್ವಲ್ಪ ನೀರು ಕೊಡು" ಎಂದರು, ಅಷ್ಟರಲ್ಲಿ ಹೋಗಿಬಿಟ್ಟರು ಎಂದು ನಿನಗೆ ಹೇಳಿದ್ದೆ. ನೀನು ಅದನ್ನೇ ಮಕ್ಕಳಿಗೂ ಹೇಳಿದೆ. ಅದು ಸುಳ್ಳು. ನಾನು ಅಲ್ಲಿರಲೇ ಇಲ್ಲ, ಮಿಷನ್ ಮುಂದಿದ್ದೆ. ಪಕ್ಕದ ಕೋಣೆಯಲ್ಲಿ ಒಂದೇ ಕೀ ಹೊಡೆಯುತ್ತಿತ್ತು. ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ. ಲಕ್ವ ಹೊಡೆದು ಅವರ ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು, ನೆಲದಲ್ಲಿ ಬಿದ್ದಲ್ಲಿಂದ ಎಡಗೈಗೆ ಎಟುಕುವುದು ಅದೊಂದೇ ಕೀ ಎಂದು ನನಗೆ ಆಮೇಲೆ ತಿಳಿಯಿತು. ತಿಳಿಯದೆ ಆದದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಆದರೆ ನನಗೆ ಗೊತ್ತಾಗಿತ್ತು. ಸ್ವರ ಏರುತ್ತಿರಲಿಲ್ಲ. ಇಷ್ಟು ಹೊತ್ತಾದರೂ ಕೂದಲೆಳೆಯಷ್ಟೂ ಏರಲಿಲ್ಲವಲ್ಲ, ಇವತ್ತೇನು ಇವರ ತಂತಿ ಹಟ ಹಿಡಿದಿದೆ ಎಂದುಕೊಂಡೆ. ಹಾಗೆಂದುಕೊಂಡೂ ಪರದೆಯ ಅಂಚನ್ನು ಕೊನೆತನಕ ಹೊಲಿದು, ದಾರ ಕತ್ತರಿಸಿ, ಆಮೇಲೆ ಎದ್ದೆ. ಅಷ್ಟರಲ್ಲಿ ಅದು ನಿಂತಿತ್ತು.

ಮಂಗಳವಾರದ ಮೇಲೆ ಸುಮ್ಮನಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಈಗ ಮೊದಲ ಸದ್ದಿಗೇ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದು ಹೋಗುತ್ತೇನೆ. ಯಾರೂ ಇರುವುದಿಲ್ಲ, ಆದರೂ ಹೋಗುತ್ತೇನೆ.

ಅಣ್ಣನ ಕೊನೆಯ ಮಾತು ಬೇಕು ಎಂದೆಯಲ್ಲ, ಅದನ್ನು ಬರೆದು ಕಳಿಸಲು ನನಗೆ ಬರುವುದಿಲ್ಲ. ನನ್ನ ಮುಖ ನೋಡಬೇಕೆನಿಸಿದರೆ ಒಂದು ಮಧ್ಯಾಹ್ನ ಬಾ. ನಾನು ಹೊಲಿಯುತ್ತೇನೆ, ನೀನು ಕೇಳಿಸಿಕೋ.