ಅಮ್ಮನಿಗೆ ಅಳಲು ಪುರುಸೊತ್ತಿಲ್ಲ

ನವೆಂಬರ್ ೧೮, ಮಂಗಳವಾರ

ಮಗ ಮಲಗಿದ್ದಾನೆ, ನಿದ್ದೆ ಬಾರದಿರುವುದು ನನಗೇ. ಅಮ್ಮ ಇವತ್ತು ಆಪ್ತಸಮಾಲೋಚಕಿಯ ಮುಂದೆ ಆಡಿದ ಮಾತು ಕಿವಿಯಲ್ಲೇ ಕೂತಿದೆ.

ಅಪ್ಪ ಹೋದ ಮೇಲೆ ಅಮ್ಮನನ್ನು ನಮ್ಮ ಮನೆಗೆ ಕರೆತಂದವಳು ನಾನೇ. ಮೊಮ್ಮಗನ ಜೊತೆಗಿದ್ದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳ ಕಣ್ಣು ತುಂಬಿದಾಗಲೆಲ್ಲ ಓಡಿಹೋಗಿ ಅವನನ್ನು ಅವಳ ಮಡಿಲಿಗೆ ಹಾಕುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು ಆಡಿಸುತ್ತಿದ್ದಳು. ನನ್ನ ಮದ್ದು ಕೆಲಸ ಮಾಡಿತೆಂದು ಒಳಗೊಳಗೇ ಬೀಗುತ್ತಿದ್ದೆ.

"ಮನೇಲಿ ಅಳ್ತೀರಾ ಅಮ್ಮಾ?" ಎಂದು ಇವತ್ತು ಆ ಸಮಾಲೋಚಕಿ ಕೇಳಿದರು.

"ಎಲ್ಲಿ ಬಿಡ್ತಾಳೆ ಇವಳು? ಶುರು ಮಾಡೋಷ್ಟರಲ್ಲಿ ಮಗು ತಂದು ಹಾಕ್ತಾಳೆ. ಪಾಪ, ಅದು ಹೆದರ್ಕೊಳ್ಳುತ್ತೆ ಅಂತ ನುಂಗ್ಕೋತೀನಿ," ಎಂದು ಅಮ್ಮ ನಕ್ಕಳು. ದೂರಿನ ದನಿಯೂ ಅಲ್ಲ ಅದು. ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಅಮ್ಮ ಅಪ್ಪನ ಕನ್ನಡಕ ಹಿಡಿದುಕೊಂಡು ಕೂತಿದ್ದಳು. ಅಷ್ಟರಲ್ಲಿ ಮಗ ಚೀರಿದ. ಅವಳು ಎದ್ದೇಬಿಟ್ಟಳು.

"ಅವನನ್ನ ನಾನು ನೋಡ್ಕೋತೀನಿ. ನೀನು ಅಳಮ್ಮ," ಎಂದೆ.

"ಅಳು ಅಂದ ತಕ್ಷಣ ಬರೋಕೆ ಇದೇನು ನಲ್ಲಿ ನೀರೇನೇ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತಳು. ನಾನು ಮಗನನ್ನು ಎದೆಗವುಚಿಕೊಂಡು ಹೊರಗೇ ನಿಂತಿದ್ದೆ. ಒಳಗೆ ಓಡದಂತೆ ನನ್ನನ್ನು ನಾನೇ ಹಿಡಿದುಕೊಳ್ಳಬೇಕಾಯಿತು.

ಆದರೂ ನಾಳೆ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಇವನನ್ನು ಕೊಡುವುದು ಅವಳ ಕೈಗೇ. ಹಾಗಾದರೆ ಇಷ್ಟು ದಿನ ಕೊಟ್ಟಿದ್ದು ಅವಳ ಸಮಾಧಾನಕ್ಕೋ, ನನ್ನ ಅನುಕೂಲಕ್ಕೋ... ಮಗ ಎದ್ದ ಅಂತ ಕಾಣುತ್ತೆ. ಅಮ್ಮನಿಗೆ ಎಚ್ಚರವಾಗುವ ಮೊದಲು ನಾನೇ ಹೋಗಿ—